ಒಳಬಾವಿ

ಚೌಕಿಪೇಟೆಯ ಕೊಟ್ರೇಶಿಯ ಫ್ಲೆಕ್ಸ್ ಅಂಗಡಿಯಲ್ಲಿ
ಹಗಲು ನಾನು ಬ್ಯಾನರು ಕೂರಿಸುತ್ತೇನೆ,
ಶಟರು ಅರ್ಧ ಎಳೆದ ಮೇಲೆ
ಪೊಟ್ಟಣ ಕಟ್ಟುತ್ತೇನೆ.
ಮಂಡಕ್ಕಿಯದಲ್ಲ. ಅದನ್ನೂ ಕಟ್ಟಿದ್ದೇನೆ ಚಿಕ್ಕಂದಿನಲ್ಲಿ,
ಭಟ್ಟಿಯ ಬೀದಿಯಲ್ಲಿ, ಮೌಲಾಬಿಯ ಮಗ್ಗುಲಲ್ಲಿ ಕೂತು.
ಇದು ಲಿನಕ್ಸಿನದು.
ಯಾರೋ ಬರೆದ ತಂತ್ರಾಂಶ ಬಿಚ್ಚಿ, ಒಳಗೇನಿದೆ ನೋಡಿ,
ಯಾವುದಕ್ಕೆ ಯಾವುದು ಬೇಕೆಂದು ಚೀಟಿ ಬರೆದು
ಮತ್ತೆ ಕಟ್ಟಿ, ಕಂಡರಿಯದವರ ಮನೆಗೆ ಕಳಿಸುವುದು.
ಕೂಲಿ ಇಲ್ಲ.
"ಮತ್ಯಾಕವ್ವಾ?" ಅನ್ನುತ್ತಾನೆ ಕೊಟ್ರೇಶಿ.
ಉತ್ತರ ಇನ್ನೂ ಹುಡುಕುತ್ತಿದ್ದೇನೆ.

ನಾವು ಬ್ಯಾನರು ಬರೆಯುವ ತಂತ್ರಾಂಶವನ್ನೇ
ಈ ಸಲ ಕಟ್ಟಲು ಕೂತೆ. ಬಿಚ್ಚಿದರೆ
ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ
ಅಕ್ಷರ ಜೋಡಿಸುವ ಲೈಬ್ರರಿಯ ಇಡೀ ಪ್ರತಿ,
ಒಂಬತ್ತು ವರ್ಷ ಹಳೆಯದು,
ಹದಿನಾಲ್ಕು ಸಾಲಿನ ತೇಪೆ ಹಾಕಿದ್ದು.
ತಲೆಯಲ್ಲೊಂದು ಟಿಪ್ಪಣಿ: ಸದ್ಯಕ್ಕೆ. ಆಮೇಲೆ ತೆಗೆಯುವುದು.

ನಿಯಮ ನನಗೆ ಗೊತ್ತು; ಹೊಸಬರಿಗೆ ನಾನೇ ಹೇಳಿಕೊಡುವುದು.
ಬೀದಿಗೊಂದು ಟ್ಯಾಂಕು ಇರುವಾಗ
ಪಡಸಾಲೆಯಲ್ಲಿ ಬಾವಿ ತೋಡಬೇಡಿ.
ಕುಂದುವಾಡದ ನೀರು ಕೆಟ್ಟರೆ
ಪಾಲಿಕೆಯವರು ಒಂದೇ ಕಡೆ ಪುಡಿ ಹಾಕುತ್ತಾರೆ,
ಊರೆಲ್ಲ ಬದುಕುತ್ತದೆ.
ನಿಮ್ಮ ಮಂಚದ ಕೆಳಗಿನ ಬಾವಿ ಯಾರಿಗೆ ಗೊತ್ತು?
ಲೈಬ್ರರಿಗೆ ತೂತು ಬಿದ್ದ ದಿನ
ಎಲ್ಲರದೂ ಮುಚ್ಚುತ್ತದೆ,
ನಿಮ್ಮದು ತೆರೆದೇ ಇರುತ್ತದೆ, ಕತ್ತಲಲ್ಲಿ.

ಹಾಗಾಗಿ ಕಿತ್ತೆ. ಆ ಪ್ರತಿಯನ್ನು ಪೂರ್ತಿ ಅಳಿಸಿ
ಎಲ್ಲರ ಲೈಬ್ರರಿಗೆ ಕೊಂಡಿ ಹಾಕಿದೆ.
ಕಟ್ಟಿತು.
ಪರೀಕ್ಷೆ ಇನ್ನೂರ ಆರಕ್ಕೆ ಇನ್ನೂರ ಆರೂ ಪಾಸು.
ತಣ್ಣಗಾಗಿದ್ದ ಮಿರ್ಚಿ ಕಚ್ಚಿ, ನೀರು ಕುಡಿದು, ಮಲಗಿದೆ.

ಬೆಳಿಗ್ಗೆ ಟ್ಯೂಷನ್ನಿನ ಹಾಲೇಶಪ್ಪ ಮೇಷ್ಟ್ರ ಬ್ಯಾನರು,
ಹತ್ತು ಅಡಿಗೆ ಇಪ್ಪತ್ತು:
ನಮ್ಮ ಎಂ. ದುರುಗಮ್ಮ, ಜಿಲ್ಲೆಗೇ ಮೂರನೇ ರ‍್ಯಾಂಕ್.
ಮಷೀನು ಉಗುಳಿದ್ದೇ ಬೇರೆ.
ರ ಮಂಗಮಾಯ;
ಯಾ ಮುಂದೆ ಬಂದು ನಿಂತಿದೆ,
ಅದರ ಬೆನ್ನಿಗೆ ಅರ್ಕಾವತ್ತು ಜೋತುಬಿದ್ದಿದೆ.
ಅಂಗಡಿಯ ಹುಡುಗ ಜೋರಾಗಿ ಓದಿದ:
"ಮೂರನೇ ಯಾರಂಕ್... ಯಾರ್ ಅಂಕಲ್ರೀ ಇವರು?"
ಎಲ್ಲರೂ ನಕ್ಕರು, ಮೇಷ್ಟ್ರೂ.
ದುರುಗಮ್ಮ ಅಲ್ಲೇ ನಿಂತಿದ್ದಳು,
ಅಪ್ಪನ ಲಗೇಜ್ ಆಟೋದ ಕೀಲಿ ಹಿಡಿದು.
ಅವಳು ನಗಲಿಲ್ಲ.

ಆಗ ಓದಿದೆ, ಕಿತ್ತೆಸೆದ ಆ ಹದಿನಾಲ್ಕು ಸಾಲು.
ರ-ಕ್ಕೂ ಯ-ಕ್ಕೂ ನಡುವೆ ಒಂದು ಅಕ್ಷರ ಕೂತಿರುತ್ತದಂತೆ,
ಅಗಲವಿಲ್ಲ, ದನಿಯಿಲ್ಲ, ಶಾಯಿ ತಿನ್ನುವುದಿಲ್ಲ.
ನೀನು ಇದ್ದಲ್ಲೇ ಇರು ಅಂತ ರ-ಕ್ಕೆ ಹೇಳುವುದಷ್ಟೇ ಅದರ ಕೆಲಸ.
ಲೈಬ್ರರಿ ಅದನ್ನು ಕಸವೆಂದು ಗುಡಿಸುತ್ತಿತ್ತು.
ಯಾರೋ ಪೊರಕೆ ಹಿಡಿದು ನಿಲ್ಲಿಸಿದ್ದಾರೆ.
ಹೆಸರಿಲ್ಲ, ಮೊದಲಕ್ಷರ ಮಾತ್ರ: ಪ. ಗು.
ಮೂಲದವರಿಗೂ ಕಳಿಸಿದ್ದಾರೆ ಪಾಪ;
ಜೊತೆಗೊಂದು ಪರೀಕ್ಷೆ ಬರೆದು ಕೊಡಿ ಎಂದಿದ್ದಾರೆ ಅವರು.
ಅಲ್ಲಿಗೆ ಮಾತು ನಿಂತಿದೆ.
ಪ. ಗು., ಏನಾಯಿತು ನಿಮಗೆ?
ಕೆಲಸ ಬದಲಾಯಿತೇ, ಮಗು ಹುಟ್ಟಿತೇ, ಬೇಸರ ಬಂತೇ?

ಪರೀಕ್ಷೆ ನಾನು ಬರೆದೆ. ಇನ್ನೂರ ಏಳನೆಯದು.
ಅದರಲ್ಲಿರುವುದು ಒಂದೇ ಪದ, ದುರುಗಮ್ಮನದು.
ಪ. ಗು. ಹೆಸರಲ್ಲೇ ಮತ್ತೆ ಕಳಿಸಿದೆ, ಕೆಳಗೆ ಚಿಕ್ಕದಾಗಿ ನನ್ನದು.
ಅವರು ಒಪ್ಪುವ ತನಕ,
ತಿಂಗಳೋ ಇನ್ನೊಂಬತ್ತು ವರ್ಷವೋ,
ಬಾವಿ ಒಳಗೇ ಇರಲಿ ಎಂದು ಬಿಟ್ಟೆ.
ಹಳೆಯ ನೀರೆತ್ತಿ ಈ ವರ್ಷದ ನೀರು ತುಂಬಿಸಿ,
ತೇಪೆಯನ್ನು ಬೇರೆಯಾಗಿ ಮಡಚಿಟ್ಟು,
ಪೊಟ್ಟಣದ ಮೇಲೆ ದಪ್ಪಗೆ ಬರೆದೆ:
ಇದರೊಳಗೆ ಬಾವಿಯಿದೆ.
ತೂತಿನ ಸುದ್ದಿ ಬಂದರೆ ನನ್ನನ್ನು ಎಬ್ಬಿಸಿ, ರಾತ್ರಿ ಎರಡಾದರೂ ಸರಿ.

ಪರಿಶೀಲಕ ಯಾವುದೋ ಹಿಮದ ಊರಿನವನು.
ವಿದ್ಯಾನಗರದ ಕಂಬಕ್ಕೆ ಬ್ಯಾನರು ಏರುವ ಹೊತ್ತಿಗೆ
ಅವನ ಪ್ರಶ್ನೆ ಬಂತು:
ನಿಯಮ ಮುರಿಯಿಸಿದ ಆ ಅಕ್ಷರ ಯಾವುದು?
ಎಷ್ಟು ದೊಡ್ಡದು ಮಾಡಿ ನೋಡಿದರೂ ಕಾಣುತ್ತಿಲ್ಲ.

ಹೌದು ಸ್ವಾಮಿ, ಅಂತ ಶುರು ಮಾಡಿದೆ.